ಕೇಂಬ್ರಿಜ್ ವಿದ್ಯಾಪೀಠದ ಟ್ರೈಪಾಸ್ ಪರೀಕ್ಷೆಯೂ ಗುಣಾನುಕ್ರಮದ ಪಟ್ಟಿಯೂ

ವಿದ್ಯಾರ್ಥಿಯ ಯೋಗ್ಯತೆಯನ್ನು ಅಂಕಗಳಿಂದ ಅಳೆದು, ಒಬ್ಬನನ್ನು ಮೊದಲನೆಯವನೆಂದೂ ಮತ್ತೊಬ್ಬನನ್ನು ಐವತ್ತನೆಯವನೆಂದೂ ಪಟ್ಟಿಯಲ್ಲಿ ಬರೆದು ಪ್ರಕಟಿಸುವ ಪದ್ಧತಿಯು ಹಲವು ದೇಶಗಳಲ್ಲಿ ರೂಢಿಯಾಗಿದೆ. ರೂಢಿಯಾದುದನ್ನು ಜನರು ಅನಾದಿಯೆಂದು ಭಾವಿಸುವುದು ಸಹಜ. ಆದರೆ ಈ ಪದ್ಧತಿಗೆ ಹುಟ್ಟೂ ಬೆಳವಣಿಗೆಯೂ ಉಂಟು. ಅದು ಪೂರ್ಣರೂಪದಲ್ಲಿ ಬೆಳೆದ ಒಂದೆರಡು ಸ್ಥಾನಗಳಲ್ಲಿ ಅದಕ್ಕೆ ಅಂತ್ಯವೂ ಉಂಟಾಯಿತು. ಅಂಥ ಸ್ಥಾನಗಳಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿದ್ಯಾಪೀಠವು ಮುಖ್ಯವಾದುದು. ಅಲ್ಲಿಯ ಗಣಿತಶಾಸ್ತ್ರದ ಆನರ್ಸ್ ಪರೀಕ್ಷೆಯಾದ ‘ಟ್ರೈಪಾಸ್’ ಎಂಬುದು ನೂರ ಅರವತ್ತು ವರ್ಷಗಳಿಗೂ ಮಿಕ್ಕಿದ ಕಾಲ ಗುಣಾನುಕ್ರಮದ ಪಟ್ಟಿಯನ್ನು ಹೊರಡಿಸುತ್ತಿದ್ದು, ೧೯೦೯ರಲ್ಲಿ ಅದನ್ನು ಕೈಬಿಟ್ಟಿತು. ಆ ಪಟ್ಟಿಯ ಚರಿತ್ರೆಯನ್ನು ಸಂಗ್ರಹವಾಗಿ ನಿರೂಪಿಸುವುದೂ, ಅದು ಏನನ್ನು ಅಳೆಯಿತು, ಏನನ್ನು ಅಳೆಯಲಾರದೆ ಹೋಯಿತು ಎಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ.

೧. ಹೆಸರಿನ ವಿಚಾರ

‘ಟ್ರೈಪಾಸ್’ ಎಂಬ ಶಬ್ದಕ್ಕೆ ಮುಕ್ಕಾಲಿ ಪೀಠವೆಂಬುದೇ ಮೂಲಾರ್ಥ. ಹದಿನಾರನೆಯ ಶತಮಾನದಲ್ಲಿ, ಬ್ಯಾಚಲರ್ ಪದವಿಯ ಉತ್ಸವಕಾಲದಲ್ಲಿ, ಕ್ರೈಸ್ತರ ದೊಡ್ಡ ಉಪವಾಸವ್ರತವು ಮೊದಲಾಗುವ ಬೂದಿಬುಧವಾರದಂದು, ಹಿಂದೆಯೇ ಪದವಿ ಪಡೆದಿದ್ದ ಹಿರಿಯನೊಬ್ಬನು ಮುಕ್ಕಾಲಿಯ ಮೇಲೆ ಕುಳಿತು ಹೊಸ ಅಭ್ಯರ್ಥಿಗಳೊಡನೆ ವಾದ ಮಾಡುತ್ತಿದ್ದನು. ಕಾಲಕ್ರಮದಲ್ಲಿ ಈ ವಾದವು ಗಾಂಭೀರ್ಯವನ್ನು ತೊರೆದು ಹಾಸ್ಯಕ್ಕೆ ತಿರುಗಿತು. ಪೀಠದ ಮೇಲೆ ಕುಳಿತವನಿಗೇ ‘ಟ್ರೈಪಾಸ್ ಮಹಾಶಯ’ನೆಂದು ಹೆಸರಾಯಿತು. ಅನಂತರ ಆ ಸಂದರ್ಭಕ್ಕಾಗಿ ಲ್ಯಾಟಿನ್ ಭಾಷೆಯಲ್ಲಿ ರಚಿಸಿ ಹಂಚುತ್ತಿದ್ದ ವಿನೋದಪದ್ಯಗಳಿಗೆ ಅದೇ ಹೆಸರು ಬಂದಿತು. ೧೭೪೭–೪೮ರಿಂದ ಆ ಪದ್ಯಗಳನ್ನು ಅಚ್ಚುಮಾಡಿದ ಕಾಗದದ ಹಿಂಬದಿಯಲ್ಲಿ ಆನರ್ಸ್ ಪಡೆದವರ ಪಟ್ಟಿಯನ್ನು ಮುದ್ರಿಸತೊಡಗಿದರು. ಆಗ ಪಟ್ಟಿಯೇ ಟ್ರೈಪಾಸ್ ಆಯಿತು. ಕೊನೆಗೆ ಯಾವ ಪರೀಕ್ಷೆಯಿಂದ ಆ ಪಟ್ಟಿಯು ಸಿದ್ಧವಾಗುತ್ತಿತ್ತೋ ಆ ಪರೀಕ್ಷೆಗೆ ಆ ಹೆಸರು ನಿಂತಿತು. ಇಂದಿಗೂ ಕೇಂಬ್ರಿಜ್‌ನಲ್ಲಿ ಯಾವ ವಿಷಯದ ಆನರ್ಸ್ ಪರೀಕ್ಷೆಯನ್ನಾದರೂ ಟ್ರೈಪಾಸ್ ಎಂದೇ ಕರೆಯುತ್ತಾರೆ.

ಮಂಚಗಳು ಕೂಗುತ್ತವೆ ಎಂದರೆ ಮಂಚದ ಮೇಲಿರುವವರು ಕೂಗುತ್ತಾರೆ ಎಂದು ಅರ್ಥಮಾಡುವುದು ಲಕ್ಷಣಾವೃತ್ತಿಗೆ ಶಾಸ್ತ್ರಕಾರರು ಕೊಡುವ ಪ್ರಸಿದ್ಧೋದಾಹರಣೆ. ಪೀಠದಿಂದ ಪುರುಷನಿಗೆ ಬಂದ ಅರ್ಥವು ಈ ಜಾತಿಯದು. ಪುರುಷನಿಂದ ಪದ್ಯಕ್ಕೆ, ಪದ್ಯದಿಂದ ಪಟ್ಟಿಗೆ, ಪಟ್ಟಿಯಿಂದ ಪರೀಕ್ಷೆಗೆ ಸಾಗಿದುದನ್ನು ನೋಡಿದರೆ ‘ದ್ವಿರೇಫ’ ಶಬ್ದದಲ್ಲಿ ಹೇಳುವಂತೆ ಲಕ್ಷಿತಲಕ್ಷಣೆಯೇ ಇಲ್ಲಿ ಮೇಲಿಂದ ಮೇಲೆ ನಡೆದಿದೆಯೆನ್ನಬೇಕು. ಹೆಸರಿನ ಈ ಪ್ರಯಾಣದಲ್ಲಿ ಒಂದು ತಥ್ಯವು ಅಡಗಿದೆ. ಮೊದಲು ಅಲ್ಲಿದ್ದುದು ವಾದ. ಕೊನೆಗೆ ಉಳಿದುದು ಪಟ್ಟಿ.

೨. ವಾದಪದ್ಧತಿ

ಪಟ್ಟಿಯು ಹುಟ್ಟುವುದಕ್ಕೆ ಮುಂಚೆ ಪದವಿಯನ್ನು ಬಯಸಿದವನು ಸಭೆಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ವಾದಿಸಿ ತನ್ನ ಯೋಗ್ಯತೆಯನ್ನು ಸ್ಥಾಪಿಸಬೇಕಾಗಿತ್ತು. ಅಭ್ಯರ್ಥಿಯು ಕೆಲವು ಪ್ರತಿಜ್ಞೆಗಳನ್ನು ಮುಂದಿಡುವನು. ಮೂವರು ಪ್ರತಿವಾದಿಗಳು ಒಬ್ಬರಾದ ಮೇಲೆ ಒಬ್ಬರು ಎದ್ದು ಅನುಮಾನವಾಕ್ಯಗಳ ರೂಪದಲ್ಲಿಯೇ ದೋಷಗಳನ್ನು ಹೇಳುವರು. ಅಭ್ಯರ್ಥಿಯು ಅವನ್ನು ಪರಿಹರಿಸುವನು. ‘ಮಾಡರೇಟರ್’ ಎಂಬ ಅಧಿಕಾರಿಯು ಮೇಲೆ ಕುಳಿತು ಇದನ್ನು ನಡೆಸುವನು. ನ್ಯಾಯಶಾಸ್ತ್ರದ ಕಥಾಪ್ರಕರಣವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ವಾದಿ, ಪ್ರತಿವಾದಿ, ಮಧ್ಯಸ್ಥ ಎಂಬ ಮೂರು ಅಂಗಗಳೂ ಇಲ್ಲಿ ಇವೆ. ಮಧ್ಯಸ್ಥನೆಂಬ ಮಾತೇ ಮಾಡರೇಟರ್ ಎಂಬುದಕ್ಕೆ ಸರಿಯಾದ ಪ್ರತಿಪದ.

ಪಟ್ಟಿಯಲ್ಲಿಯ ವರ್ಗನಾಮಗಳೂ ಈ ವಾದಪದ್ಧತಿಯಿಂದಲೇ ಬಂದವು. ೧೭೫೩ರಿಂದ ಆನರ್ಸ್ ಪಡೆದವರನ್ನು ರ‍್ಯಾಂಗ್ಲರ್, ಸೀನಿಯರ್ ಆಪ್ಟಿಮೆ, ಜೂನಿಯರ್ ಆಪ್ಟಿಮೆ ಎಂದು ಮೂರು ವರ್ಗಗಳಾಗಿ ವಿಭಾಗಿಸಿದರು. ರ‍್ಯಾಂಗ್ಲರ್ ಎಂದರೆ ಜಗಳಗಂಟ, ಅರ್ಥಾತ್ ವಾದದಲ್ಲಿ ಬಿಡದವನು. ವಾದವು ಮುಗಿದಾಗ ಚೆನ್ನಾಗಿ ವಾದಿಸಿದವನನ್ನು ಮಧ್ಯಸ್ಥನು ಶ್ಲಾಘಿಸುತ್ತಿದ್ದ ಲ್ಯಾಟಿನ್ ವಾಕ್ಯದಲ್ಲಿ, ‘ಅತ್ಯುತ್ತಮವಾಗಿ’ ಎಂಬ ಅರ್ಥದ ‘ಆಪ್ಟಿಮೆ’ ಎಂಬ ಮಾತು ಇತ್ತು. ಅದೇ ವರ್ಗದ ಹೆಸರಾಯಿತು. ಮೊದಲನೆಯ ವರ್ಗದಲ್ಲಿ ಮೊದಲನೆಯವನು ‘ಸೀನಿಯರ್ ರ‍್ಯಾಂಗ್ಲರ್’. ಈ ಮೂರು ವರ್ಗಗಳಿಗೆ ಸೇರದೆ ಸಾಮಾನ್ಯ ಪದವಿಯನ್ನು ಮಾತ್ರ ಪಡೆದ ಬಹುಸಂಖ್ಯರಿಗೆ, ‘ಹಲವರು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ‘ಪೋಲ್’ ಜನರೆಂದು ಹೆಸರಿತ್ತು.

೩. ಮಾತಿನಿಂದ ಬರಹಕ್ಕೆ

ವಾದದಿಂದ ಒಬ್ಬನ ಶಕ್ತಿಯು ತಿಳಿಯುತ್ತದೆ; ಆದರೆ ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಪ್ರತಿವಾದಿಗಳ ಎದುರಿಗೆ, ಬೇರೆ ಬೇರೆ ವಿಷಯಗಳನ್ನು ಕುರಿತು ವಾದಿಸಿದ ಇಬ್ಬರಲ್ಲಿ ಯಾರು ಹೆಚ್ಚು ಎಂಬುದನ್ನು ಹೇಳುವುದು ಕಷ್ಟ. ಪಟ್ಟಿಯಲ್ಲಿ ಅನುಕ್ರಮವು ಬೇಕೆಂದಾದ ಕೂಡಲೇ ಎಲ್ಲರಿಗೂ ಒಂದೇ ಪ್ರಶ್ನೆಯು ಬೇಕಾಗುತ್ತದೆ. ೧೭೩೦ರಲ್ಲಿ ತೆರೆಯಲ್ಪಟ್ಟ ಸೆನೆಟ್ ಭವನದಲ್ಲಿ ಅಭ್ಯರ್ಥಿಗಳನ್ನು ಒಟ್ಟಿಗೆ ಕೂರಿಸಿ ಪರೀಕ್ಷಿಸುವ ಕ್ರಮವು ಈ ಅವಶ್ಯಕತೆಯಿಂದ ಬಲಗೊಂಡಿತು. ಅಲ್ಲಿ ಲ್ಯಾಟಿನ್ನಿಗೆ ಬದಲು ಇಂಗ್ಲಿಷ್ ಬಳಕೆಗೆ ಬಂದಿತು. ಗಣಿತಕ್ಕೆ, ವಿಶೇಷವಾಗಿ ನ್ಯೂಟನ್ನನ ಶಾಸ್ತ್ರಕ್ಕೆ, ಪ್ರಾಧಾನ್ಯವುಂಟಾಯಿತು. ಗಣಿತದಲ್ಲಿ ಉತ್ತರವು ಸರಿಯೋ ತಪ್ಪೋ ಎಂಬುದು ನಿಸ್ಸಂದಿಗ್ಧವಾದುದರಿಂದ ಅಳತೆಗೆ ಅದಕ್ಕಿಂತ ಅನುಕೂಲವಾದ ವಿಷಯವು ಮತ್ತೊಂದಿರಲಿಲ್ಲ.

೧೭೬೩ರಲ್ಲಿ ಕ್ರೈಸ್ಟ್ಸ್ ಕಾಲೇಜಿನ ವಿಲಿಯಂ ಪೇಲಿ, ಕೀಸ್ ಕಾಲೇಜಿನ ಜಾನ್ ಫ್ರಿಯರ್ ಎಂಬಿಬ್ಬರಲ್ಲಿ ಯಾರು ಮೊದಲೆಂಬ ಸಂಶಯವು ಬಂದಾಗ, ಅದನ್ನು ವಾದದ ಮೇಲಲ್ಲ, ಸೆನೆಟ್ ಭವನದ ಪರೀಕ್ಷೆಯ ಮೇಲೆಯೇ ನಿರ್ಣಯಿಸಬೇಕೆಂದು ಗೊತ್ತುಮಾಡಿದರು. ಪೇಲಿಯು ಮೊದಲನೆಯವನಾದನು. ಎರಡನೆಯವನಾದ ಫ್ರಿಯರ್ ಮುಂದೆ ಹಾಕ್ಸ್ನೆ ಎಂಬಲ್ಲಿ ಪ್ರಾಚೀನ ಮಾನವರ ಶಿಲಾಯುಧಗಳನ್ನು ಗುರುತಿಸಿ ಪ್ರಾಕ್ತನವಿದ್ಯೆಯಲ್ಲಿ ಶಾಶ್ವತವಾದ ಹೆಸರನ್ನು ಪಡೆದನು. ಅಲ್ಲಿಂದ ಮುಂದೆ ವಾದವು ಕ್ರಮೇಣ ಶುಷ್ಕವಿಧಿಯಾಗಿ, ೧೮೪೦ರ ಸುಮಾರಿಗೆ ನಿಂತುಹೋಯಿತು. ಮೊದಲು ಪ್ರಶ್ನೆಗಳನ್ನು ಬಾಯಲ್ಲಿ ಹೇಳಿ ಬರೆಯಿಸುತ್ತಿದ್ದರು. ೧೮೨೭–೨೮ರ ಹೊತ್ತಿಗೆ ಎಲ್ಲವೂ ಮುದ್ರಿತ ಪ್ರಶ್ನಪತ್ರಿಕೆಗಳಾದವು. ಹೀಗೆ ವಾದ ಮಾಡದ ವಾದಿಗಳ ಪಟ್ಟಿಯೊಂದು ಸಿದ್ಧವಾಯಿತು. ‘ಜಗಳಗಂಟ’ನೆಂಬ ಬಿರುದನ್ನು ಮೌನವಾಗಿ ಬರೆಯುವವರಿಗೆ ಕೊಡಲಾಯಿತು.

ಮಿಥಿಲೆಯ ನೈಯಾಯಿಕರಲ್ಲಿ ಪ್ರಸಿದ್ಧವಾಗಿದ್ದ ಶಲಾಕಾಪರೀಕ್ಷೆಯನ್ನು ಇದರೊಡನೆ ಹೋಲಿಸಬಹುದು. ಓಲೆಯ ಗ್ರಂಥಕ್ಕೆ ಸೂಜಿಯನ್ನು ಚುಚ್ಚಿ, ಅದು ಕೊನೆಗೆ ಮುಟ್ಟಿದ ಗರಿಯಲ್ಲಿರುವ ವಿಷಯವನ್ನು ವಿದ್ಯಾರ್ಥಿಯು ವಿವರಿಸಬೇಕೆಂಬುದು ಅದರ ಕ್ರಮ. ಅಲ್ಲಿ ಪ್ರಶ್ನೆಯನ್ನು ಆರಿಸುವುದು ಸೂಜಿ. ಆದುದರಿಂದ ಗ್ರಂಥವೆಲ್ಲವೂ ಬಂದಿರಬೇಕು. ಆದರೆ ಒಬ್ಬೊಬ್ಬನಿಗೆ ಒಂದೊಂದು ಗರಿ ಬರುವುದರಿಂದ ಇಬ್ಬರನ್ನು ತೂಗಿ ನೋಡುವುದಕ್ಕೆ ಅವಕಾಶವಿಲ್ಲ. ಬಂದಿದೆಯೇ, ಬಂದಿಲ್ಲವೇ ಎಂಬುದೊಂದೇ ನಿರ್ಣಯ. ಕೇಂಬ್ರಿಜ್‌ನ ಪರೀಕ್ಷೆಯು ಕೇಳಿದ ಪ್ರಶ್ನೆಯು ಬೇರೆ: ಯಾರಿಗಿಂತ ಯಾರಿಗೆ ಹೆಚ್ಚು ಬಂದಿದೆ?

೪. ಅಂಕಗಳ ಲೆಕ್ಕ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಈ ಪರೀಕ್ಷೆಯು ದಿನಕ್ಕೆ ಐದೂವರೆ ಗಂಟೆಯಂತೆ ಎಂಟು ದಿನ ನಡೆಯುತ್ತಿತ್ತು. ಅಂಕಗಳನ್ನು ಪ್ರಕಟಿಸುವ ವಾಡಿಕೆಯಿರಲಿಲ್ಲ. ಆದರೆ ಫ್ರಾನ್ಸಿಸ್ ಗಾಲ್ಟನ್ ಎಂಬ ವಿದ್ವಾಂಸನು ಎರಡು ವರ್ಷಗಳ ಲೆಕ್ಕವನ್ನು ದೊರಕಿಸಿ ೧೮೬೯ರಲ್ಲಿ ತನ್ನ ಗ್ರಂಥದಲ್ಲಿ ಕೊಟ್ಟನು. ಪೂರ್ಣಾಂಕ ೧೭,೦೦೦. ಸೀನಿಯರ್ ರ‍್ಯಾಂಗ್ಲರನಿಗೆ ೭,೫೦೦ಕ್ಕೆ ಮೇಲ್ಪಟ್ಟು, ರ‍್ಯಾಂಗ್ಲರುಗಳಲ್ಲಿ ಕೊನೆಯವನಿಗೆ ಸುಮಾರು ೧,೫೦೦, ಆನರ್ಸ್ ಪಟ್ಟಿಯ ಕಟ್ಟಕಡೆಯವನಿಗೆ ೩೦೦ಕ್ಕೂ ಕಡಿಮೆ. ಅರ್ಥಾತ್ ಎಲ್ಲರಿಗಿಂತ ಮೇಲಾದವನೂ ಅರ್ಧವನ್ನು ಮುಟ್ಟಲಿಲ್ಲ. ನೂರಕ್ಕೆ ಎರಡನ್ನು ಪಡೆದವನಿಗೂ ಆನರ್ಸ್ ದೊರೆಯಿತು. ಅಂಕವೆಂಬುದು ತಾನಾಗಿಯೇ ಏನನ್ನೂ ಹೇಳುವುದಿಲ್ಲ, ಪ್ರಶ್ನೆಗಳ ಕಾಠಿನ್ಯದೊಡನೆ ಸೇರಿಯೇ ಅರ್ಥವನ್ನು ಕೊಡುತ್ತದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಾಲ್ಟನ್ನನು ಇದರಿಂದ ಮಾಡಿದ ಅನುಮಾನವು ವಿಚಾರಣೀಯವಾಗಿದೆ. ಮೊದಲನೆಯವನ ಅಂಕವು ಕೊನೆಯ ರ‍್ಯಾಂಗ್ಲರನದಕ್ಕೆ ಐದರಷ್ಟು, ಅವನದು ಕೊನೆಯ ಆಪ್ಟಿಮೆಯದಕ್ಕೆ ಐದರಷ್ಟು. ಆದುದರಿಂದ ಯೋಗ್ಯತೆಯೂ ಅದೇ ಪ್ರಮಾಣದಲ್ಲಿದೆ ಎಂಬುದು ಅವನ ಮತ. ಇಲ್ಲಿ ಹೇತುವು ಸಾಧ್ಯವನ್ನು ಮೀರಿ ಹೋಗಿದೆ. ನಿಯತವಾದ ಗಂಟೆಗಳಲ್ಲಿ ಎಷ್ಟು ಪ್ರಶ್ನೆಗಳನ್ನು ಬಿಡಿಸಿದನೆಂಬುದು ವೇಗವನ್ನೂ, ಅಭ್ಯಾಸವನ್ನೂ, ದೇಹಬಲವನ್ನೂ ಸೇರಿಸಿ ಹೇಳುತ್ತದೆಯೇ ಹೊರತು ಬುದ್ಧಿಯೊಂದನ್ನೇ ಅಲ್ಲ. ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಗಾಲ್ಟನ್ನನು ತಾನೇ ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ ಆರೋಗ್ಯವು ಕೆಟ್ಟು, ಆನರ್ಸನ್ನು ಬಿಟ್ಟು ೧೮೪೪ರಲ್ಲಿ ಸಾಮಾನ್ಯ ಪದವಿಯಿಂದ ತೃಪ್ತನಾಗಬೇಕಾಯಿತು. ಅವನ ಲೆಕ್ಕದ ಪ್ರಕಾರವೇ ನೋಡಿದರೆ ಅವನ ಬುದ್ಧಿಗೆ ಪ್ರಮಾಣವೇ ಇಲ್ಲದಂತಾಗುತ್ತದೆ!

೫. ಪಟ್ಟಿಯ ಫಲಗಳು

ಪಟ್ಟಿಯ ಮೇಲ್ಭಾಗದಲ್ಲಿ ಬಂದವರಿಗೆ ಕಾಲೇಜಿನ ಫೆಲೋ ಪದವಿಯೂ, ಅದರ ಮೂಲಕ ಜೀವನೋಪಾಯವೂ ದೊರೆಯುವ ಸಂಭವವಿತ್ತು. ಇದರಿಂದ ಪರೀಕ್ಷೆಗೆ ಸಿದ್ಧಪಡಿಸುವ ಖಾಸಗಿ ಗುರುಗಳ ಪರಂಪರೆಯೊಂದು ಬೆಳೆಯಿತು. ೧೮೪೯ರ ವೇಳೆಗೆ ವಿಲಿಯಂ ಹಾಪ್‌ಕಿನ್ಸನ ಶಿಷ್ಯರಲ್ಲಿ ೧೭ ಜನ ಸೀನಿಯರ್ ರ‍್ಯಾಂಗ್ಲರುಗಳಾಗಿದ್ದರು. ಎಡ್ವರ್ಡ್ ರೌತ್ ಎಂಬವನ ಶಿಷ್ಯರಲ್ಲಿ ಆ ಸ್ಥಾನವನ್ನು ಪಡೆದವರು ೨೫ಕ್ಕೂ ಹೆಚ್ಚು. ವಿದ್ಯಾಪೀಠದ ಪ್ರೊಫೆಸರುಗಳ ಉಪನ್ಯಾಸಗಳು ಬರಿದಾಗಿ, ಈ ಗುರುಗಳ ಮನೆಗಳು ತುಂಬಿದವು. ಪಾಠದ ಉದ್ದೇಶವು ಶಾಸ್ತ್ರವಲ್ಲ, ಸ್ಥಾನ. ಪ್ರಶ್ನೆಗೆ ಬರಲಾರದ ವಿಷಯವು ಓದಿಗೂ ಬರಲಿಲ್ಲ.

ಇಷ್ಟಾದರೂ ಪಟ್ಟಿಯು ಕುರುಡಾಗಿತ್ತೆಂದು ಹೇಳಲಾಗದು. ಹರ್ಷೆಲ್ (೧೮೧೩), ಏರಿ (೧೮೨೩), ಸ್ಟೋಕ್ಸ್ (೧೮೪೧), ಕೇಲಿ (೧೮೪೨), ಆಡಮ್ಸ್ (೧೮೪೩), ರೇಲಿ (೧೮೬೫) ಮೊದಲಾದ ಮಹಾವಿದ್ವಾಂಸರು ಸೀನಿಯರ್ ರ‍್ಯಾಂಗ್ಲರುಗಳೇ. ಆದರೆ ಎರಡನೆಯ ಸ್ಥಾನದಲ್ಲಿ ನಿಂತವರ ಹೆಸರುಗಳೂ ಅಷ್ಟೇ ಉಜ್ಜ್ವಲವಾಗಿವೆ: ಕೆಲ್ವಿನ್ ಪ್ರಭುವೆಂದು ಖ್ಯಾತನಾದ ವಿಲಿಯಂ ಥಾಮ್ಸನ್ (೧೮೪೫), ವಿದ್ಯುತ್ಕಾಂತಶಾಸ್ತ್ರದ ಪ್ರವರ್ತಕನಾದ ಕ್ಲಾರ್ಕ್ ಮ್ಯಾಕ್ಸ್‌ವೆಲ್ (೧೮೫೪), ಇಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್ (೧೮೮೦). ಮ್ಯಾಕ್ಸ್‌ವೆಲ್ಲನನ್ನು ಹಿಂದೆ ಹಾಕಿದವನು ಮೇಲೆ ಹೇಳಿದ ರೌತನೇ. ಆದರೆ ೧೭೬೯ರಿಂದ ನಡೆದುಬಂದ, ಇನ್ನೂ ಗಹನವಾದ ಸ್ಮಿತ್ ಬಹುಮಾನದ ಪರೀಕ್ಷೆಯಲ್ಲಿ ಆ ವರ್ಷವೇ ಇವರಿಬ್ಬರನ್ನೂ ಸಮಾನರೆಂದು ಸಾರಿದರು. ಅಳತೆಗೋಲು ಬದಲಾದರೆ ಅನುಕ್ರಮವೂ ಬದಲಾಗುವುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಮೇಲಿನವನಿಗೆ ಗೌರವವಿದ್ದಂತೆ ಕೆಳಗಿನವನಿಗೆ ಅಪಹಾಸ್ಯವೂ ಇತ್ತು. ಜೂನಿಯರ್ ಆಪ್ಟಿಮೆಗಳಲ್ಲಿ ಕಟ್ಟಕಡೆಯವನು ಪದವಿ ಪಡೆಯುವಾಗ ಸಹಪಾಠಿಗಳು ಸೆನೆಟ್ ಭವನದ ಮೇಲಂತಸ್ತಿನಿಂದ ದೊಡ್ಡದೊಂದು ಮರದ ಸೌಟನ್ನು ಹಗ್ಗದಲ್ಲಿ ಇಳಿಬಿಡುತ್ತಿದ್ದರು. ಆನರ್ಸಿಗೂ ಅನುತ್ತೀರ್ಣತೆಗೂ ನಡುವಿನ ‘ಕೊಲ್ಲಿ’ಯಲ್ಲಿ ಬಿದ್ದು ಸಾಮಾನ್ಯ ಪದವಿಯನ್ನು ಮಾತ್ರ ಪಡೆದವರೂ ಉಂಟು. ೧೮೨೨ರಲ್ಲಿ ಹೀಗೆ ಬಿದ್ದವರಲ್ಲಿ ಥಾಮಸ್ ಮೆಕಾಲೆ ಒಬ್ಬನು. ಗಣಿತದಲ್ಲಿ ಅವನಿಗೆ ರುಚಿಯಿರಲಿಲ್ಲ. ೧೮೩೫ರಲ್ಲಿ ಭಾರತದ ವಿದ್ಯೆಯ ಮಾರ್ಗವನ್ನು ತಿರುಗಿಸಿದ ಲೇಖವನ್ನು ಬರೆದವನೂ, ಭಾರತದ ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯನ್ನು ವಿಧಿಸಿದ ೧೮೫೪ರ ವರದಿಗೆ ಮುಖ್ಯನೂ ಇವನೇ. ಪಟ್ಟಿಯಲ್ಲಿ ತನಗೆ ಸ್ಥಾನವು ದೊರೆಯದಿದ್ದರೂ, ಪಟ್ಟಿಯಲ್ಲಿ ಅವನಿಗಿದ್ದ ಶ್ರದ್ಧೆಯು ಕುಗ್ಗಲಿಲ್ಲ.

೬. ಗೌರವವಿದ್ದೂ ಅಧಿಕಾರವಿಲ್ಲದವರು

ಅಂಕಕ್ಕೆ ಪಕ್ಷಪಾತವಿಲ್ಲವೆಂಬುದು ಈ ಪದ್ಧತಿಯ ಮೇಲ್ಮೆಯೆಂದು ಎಲ್ಲರೂ ಹೇಳುತ್ತಿದ್ದರು. ಆದರೆ ಅಂಕವು ಕೊಟ್ಟುದನ್ನು ವಿದ್ಯಾಪೀಠದ ಕಟ್ಟಳೆಯು ಹಿಂದಕ್ಕೆ ತೆಗೆದುಕೊಳ್ಳುತ್ತಿತ್ತು. ೧೮೩೭ರಲ್ಲಿ ಎರಡನೆಯ ರ‍್ಯಾಂಗ್ಲರ್ ಆದ ಜೇಮ್ಸ್ ಸಿಲ್ವೆಸ್ಟರ್ ಯಹೂದ್ಯನು. ಆಂಗ್ಲ ಚರ್ಚಿನ ಮೂವತ್ತೊಂಬತ್ತು ಮತಸೂತ್ರಗಳಿಗೆ ಸಹಿ ಹಾಕಲೊಲ್ಲದ ಕಾರಣ ಅವನಿಗೆ ಪದವಿಯೇ ದೊರೆಯಲಿಲ್ಲ. ೧೮೬೯ರ ಸೀನಿಯರ್ ರ‍್ಯಾಂಗ್ಲರ್ ನ್ಯೂಮಾ ಹಾರ್ಟಾಗನೂ ಯಹೂದ್ಯನೇ. ಮತನಿರ್ಬಂಧದ ಕಾರಣ ಟ್ರಿನಿಟಿ ಕಾಲೇಜಿನ ಫೆಲೋ ಪದವಿಯು ಅವನಿಗೆ ತಪ್ಪಿತು. ಆ ನಿರ್ಬಂಧಗಳನ್ನು ೧೮೭೧ರಲ್ಲಿ ಪಾರ್ಲಿಮೆಂಟು ರದ್ದುಮಾಡಿತು. ಅದೇ ವರ್ಷ ಎಳೆಯ ವಯಸ್ಸಿನಲ್ಲಿಯೇ ಹಾರ್ಟಾಗನು ತೀರಿಕೊಂಡನು.

ಸ್ತ್ರೀಯರ ಸ್ಥಿತಿಯು ಇನ್ನೂ ವಿಚಿತ್ರವಾಗಿತ್ತು. ೧೮೮೦ರಲ್ಲಿ ಗರ್ಟನ್ ಕಾಲೇಜಿನ ಶಾರ್ಲಟ್ ಸ್ಕಾಟ್ ಎಂಬಾಕೆಯು ಎಂಟನೆಯ ರ‍್ಯಾಂಗ್ಲರನಿಗೆ ಸಮಾನಳಾದಳು; ಆದರೆ ಅವಳ ಹೆಸರನ್ನು ಪಟ್ಟಿಯಲ್ಲಿ ಓದಲಿಲ್ಲ. ಮರುವರ್ಷದಿಂದ ಸ್ತ್ರೀಯರಿಗೆ ಪ್ರತ್ಯೇಕವಾದ ಪಟ್ಟಿಯನ್ನು ಏರ್ಪಡಿಸಿ, ಪುರುಷರ ಪಟ್ಟಿಯಲ್ಲಿ ಅವರಿಗೆ ಸಲ್ಲಬಹುದಾದ ಸ್ಥಾನವನ್ನು ಸೂಚಿಸತೊಡಗಿದರು. ೧೮೯೦ರಲ್ಲಿ ನ್ಯೂನಂ ಕಾಲೇಜಿನ ಫಿಲಿಪಾ ಫಾಸೆಟ್ ಎಂಬಾಕೆಯ ಹೆಸರಿನ ಮುಂದೆ ‘ಸೀನಿಯರ್ ರ‍್ಯಾಂಗ್ಲರನಿಗಿಂತ ಮೇಲೆ’ ಎಂದು ಓದಿದರು. ಮೊದಲನೆಯವನಿಗಿಂತ ಮೇಲಾದ ಸ್ಥಾನಕ್ಕೆ ಸಂಖ್ಯೆಯಿಲ್ಲ. ಆಕೆಗೆ ಬಿರುದೂ ಇಲ್ಲ, ಪದವಿಯೂ ಇಲ್ಲ. ಆಕೆಯ ತಂದೆ ಹೆನ್ರಿ ಫಾಸೆಟ್ ೧೮೫೬ರಲ್ಲಿ ಏಳನೆಯ ರ‍್ಯಾಂಗ್ಲರ್ ಆಗಿದ್ದವನು. ಪಾರ್ಲಿಮೆಂಟಿನಲ್ಲಿ ಭಾರತದ ಹಿತಕ್ಕಾಗಿ ಮಾತನಾಡಿ ‘ಭಾರತದ ಪ್ರತಿನಿಧಿ’ಯೆಂದು ಹೆಸರಾದವನು. ಕೇಂಬ್ರಿಜ್‌ನಲ್ಲಿ ಸ್ತ್ರೀಯರಿಗೆ ಪದವಿಗಳನ್ನು ಕೊಡತೊಡಗಿದುದು ೧೯೪೮ರ ಅಕ್ಟೋಬರಿನಲ್ಲಿ. ಫಿಲಿಪಾ ಫಾಸೆಟ್ ಆ ವರ್ಷದ ಜೂನ್ ತಿಂಗಳಲ್ಲಿಯೇ ಕಾಲವಾಗಿದ್ದಳು.

೭. ಭಾರತೀಯರು

ಭಾರತೀಯರಲ್ಲಿ ಮೊದಲು ರ‍್ಯಾಂಗ್ಲರ್ ಆದವರು ವಂಗದೇಶದ ಆನಂದಮೋಹನ ಬಸು, ಅದು ೧೮೭೪ರಲ್ಲಿ. ೧೮೯೯ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜನ್ನು ಸೇರಿದ್ದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಮತ್ತೊಬ್ಬ ಆಂಗ್ಲ ವಿದ್ಯಾರ್ಥಿಯೊಡನೆ ಸಮಾನಾಂಕರಾಗಿ ಸೀನಿಯರ್ ರ‍್ಯಾಂಗ್ಲರ್ ಸ್ಥಾನವನ್ನು ಪಡೆದರು. ಭಾರತೀಯರ ಬುದ್ಧಿಯನ್ನು ಕುರಿತು ಆಳುವವರು ಹಗುರವಾಗಿ ಮಾತನಾಡುತ್ತಿದ್ದ ಆ ಕಾಲದಲ್ಲಿ ಈ ವಾರ್ತೆಯು ಎಷ್ಟು ಸಂತೋಷವನ್ನು ಉಂಟುಮಾಡಿರಬೇಕೆಂಬುದನ್ನು ಊಹಿಸಬಹುದು. ಹಿಂತಿರುಗಿದ ಪರಾಂಜಪೆಯವರು ಫರ್ಗ್ಯುಸನ್ ಕಾಲೇಜಿನ ಪ್ರಿನ್ಸಿಪಾಲರಾದರು. ರ‍್ಯಾಂಗ್ಲರ್ ಎಂಬುದು ಅವರ ಹೆಸರಿನ ಭಾಗವೇ ಆಯಿತು. ಧಾರವಾಡದಲ್ಲಿ ೧೯೧೭ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾಗುವವರೆಗೂ ಉತ್ತರ ಕರ್ಣಾಟಕದ ಅನೇಕ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ಪುಣೆಗೆ ಹೋಗಬೇಕಾಗಿದ್ದುದರಿಂದ ಈ ಬಿರುದು ಕನ್ನಡಿಗರಿಗೂ ಪರಿಚಿತವಾಯಿತು. ಮುಂದೆ ಬೆಳಗಾವಿ ಜಿಲ್ಲೆಯವರಾದ ಡಿ. ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ರ‍್ಯಾಂಗ್ಲರ್ ಆಗಿ ಬಂದು, ೧೯೫೪ರಿಂದ ೧೯೬೭ರವರೆಗೆ ಕರ್ನಾಟಕ ವಿಶ್ವವಿದ್ಯಾನಿಲಯದ ವೈಸ್ ಚಾನ್ಸಲರರಾಗಿದ್ದು, ಆ ಸಂಸ್ಥೆಯನ್ನು ಬೆಳೆಸಿದರು. ಪಟ್ಟಿಯಲ್ಲಿ ಪಡೆದ ಸ್ಥಾನಕ್ಕಿಂತ ಆ ಸ್ಥಾನದ ಗೌರವವನ್ನು ಲೋಕಕ್ಕಾಗಿ ವಿನಿಯೋಗಿಸಿದುದೇ ಇವರಿಬ್ಬರ ವಿಷಯದಲ್ಲಿ ಸ್ಮರಣೀಯವಾದುದು.

೮. ಪಟ್ಟಿಯ ಅಂತ್ಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೇಂಬ್ರಿಜ್‌ನ ಗಣಿತಜ್ಞರೇ ಈ ಪದ್ಧತಿಗೆ ವಿರೋಧಿಗಳಾದರು. ಅವರಲ್ಲಿ ೧೮೯೮ರಲ್ಲಿ ನಾಲ್ಕನೆಯ ರ‍್ಯಾಂಗ್ಲರ್ ಆಗಿದ್ದ ಜಿ. ಎಚ್. ಹಾರ್ಡಿಯು ಅಗ್ರಗಣ್ಯನು. ಯೂರೋಪಿನ ಇತರ ದೇಶಗಳಲ್ಲಿ ಗಣಿತವು ಹೊಸ ಮಾರ್ಗಗಳಲ್ಲಿ ಮುಂದುವರಿಯುತ್ತಿದ್ದಾಗ ಕೇಂಬ್ರಿಜ್‌ನ ಯುವಕರು ಪ್ರಶ್ನೆಗಳನ್ನು ಬೇಗನೆ ಬಿಡಿಸುವ ಕೌಶಲದಲ್ಲಿ ತಮ್ಮ ಒಳ್ಳೆಯ ವರ್ಷಗಳನ್ನು ಕಳೆಯುತ್ತಿದ್ದರೆಂಬುದು ಆಕ್ಷೇಪದ ಸಾರ. ೧೯೦೭ರಲ್ಲಿ ಹೊಸ ನಿಯಮಗಳು ಅಂಗೀಕೃತವಾದವು. ೧೯೦೯ರ ಪಟ್ಟಿಯೇ ಗುಣಾನುಕ್ರಮದ ಕೊನೆಯ ಪಟ್ಟಿ. ಆ ವರ್ಷದ ಸೀನಿಯರ್ ರ‍್ಯಾಂಗ್ಲರ್ ಪಿ. ಜೆ. ಡೇನಿಯೆಲ್. ಅಂದೇ ಕೊನೆಯ ಮರದ ಸೌಟನ್ನೂ ಇಳಿಬಿಟ್ಟರು. ಅನುಕ್ರಮವಿಲ್ಲದಲ್ಲಿ ಕೊನೆಯವನೂ ಇಲ್ಲವಷ್ಟೆ. ರ‍್ಯಾಂಗ್ಲರ್, ಆಪ್ಟಿಮೆ ಎಂಬ ವರ್ಗನಾಮಗಳು ಇಂದಿಗೂ ಉಳಿದಿವೆ. ವರ್ಗದೊಳಗೆ ಹೆಸರುಗಳು ಅಕ್ಷರಾನುಕ್ರಮದಲ್ಲಿ ಬಂದವು. ಹಾರ್ಡಿಗೆ ಇಷ್ಟರಿಂದ ತೃಪ್ತಿಯಾಗಲಿಲ್ಲ. ಟ್ರೈಪಾಸನ್ನು ತಿದ್ದುವುದಕ್ಕಿಂತ ತೆಗೆದುಹಾಕುವುದೇ ಮೇಲೆಂದು ಅವನು ೧೯೨೬ರ ಭಾಷಣವೊಂದರಲ್ಲಿ ಪ್ರತಿಪಾದಿಸಿದನು.

ಈ ಹಾರ್ಡಿಯೇ ಶ್ರೀನಿವಾಸ ರಾಮಾನುಜನ್ನರನ್ನು ಗುರುತಿಸಿದವನೆಂಬುದು ಸರ್ವವಿದಿತ. ಕುಂಭಕೋಣದಲ್ಲಿ ವಿದ್ಯಾರ್ಥಿವೇತನವನ್ನು ಕಳೆದುಕೊಂಡು, ಮದರಾಸಿನಲ್ಲಿ ಎಫ್. ಎ. ಪರೀಕ್ಷೆಯಲ್ಲಿ ಅನುತ್ತೀರ್ಣರಾದ ರಾಮಾನುಜನ್ ಯಾವ ಪಟ್ಟಿಯಲ್ಲಿಯೂ ಇದ್ದವರಲ್ಲ. ೧೯೧೬ರಲ್ಲಿ ಕೇಂಬ್ರಿಜ್ ವಿದ್ಯಾಪೀಠವು ಅವರಿಗೆ ಬಿ. ಎ. ಪದವಿಯನ್ನು ಕೊಟ್ಟುದು ಪರೀಕ್ಷೆಯ ಮೇಲಲ್ಲ, ಸಂಶೋಧನೆಯ ಮೇಲೆ. ೧೯೧೮ರಲ್ಲಿ ಅವರು ರಾಯಲ್ ಸೊಸೈಟಿಯ ಫೆಲೋ ಆಗಿ, ಅದೇ ವರ್ಷ ಟ್ರಿನಿಟಿ ಕಾಲೇಜಿನ ಫೆಲೋ ಆಗಿಯೂ ಚುನಾಯಿತರಾದರು. ಅವರನ್ನು ಅಳೆದುದು ಅಂಕವಲ್ಲ. ಅವರ ಕೃತಿಯನ್ನು ಓದಿ ತಿಳಿಯಬಲ್ಲ ಇನ್ನೊಬ್ಬ ವಿದ್ವಾಂಸನ ವಿವೇಕ.

ಆದುದರಿಂದ ಸಿದ್ಧವಾಗುವುದಿಷ್ಟು. ಶಿಫಾರಸು, ಕುಲ, ಐಶ್ವರ್ಯಗಳಿಂದ ಸ್ಥಾನಗಳು ಲಭಿಸುತ್ತಿದ್ದ ಕಾಲದಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆಯೆಂಬ ನಿಯಮವನ್ನು ಸ್ಥಾಪಿಸಿದುದು ಗುಣಾನುಕ್ರಮದ ಪಟ್ಟಿಯ ಉಪಕಾರ. ಪರಾಧೀನ ದೇಶದ ವಿದ್ಯಾರ್ಥಿಯೊಬ್ಬನು ಅದರ ಶಿರಸ್ಸನ್ನು ಏರಿದುದೂ, ಕಟ್ಟಳೆಯು ಹೊರಗಿಟ್ಟ ಸ್ತ್ರೀಯು ಅದನ್ನು ದಾಟಿ ನಿಂತುದೂ ಆ ನಿಯಮದಿಂದಲೇ. ಆದರೆ ಒಂದು ದಿನದ ಸಾಮರ್ಥ್ಯವನ್ನು ಒಂದು ಜೀವನದ ಯೋಗ್ಯತೆಯೆಂದು ತಿಳಿದುದು ಅದರ ದೋಷ. ಕೊಳಗದಿಂದ ಭತ್ತವನ್ನು ಅಳೆಯಬಹುದು. ಅದೇ ಕೊಳಗದಿಂದ ಹೊಲದ ಸಾರವನ್ನು ಅಳೆಯಲಾಗದು. ಅಳೆಯುವವರು ಈ ಭೇದವನ್ನು ನೆನಪಿನಲ್ಲಿಟ್ಟಷ್ಟು ಕಾಲ ಅಂಕವು ವಿದ್ಯೆಗೆ ಸೇವಕನಾಗಿರುತ್ತದೆ, ಮರೆತಲ್ಲಿ ಯಜಮಾನನಾಗುತ್ತದೆ.